ಆಡಿ ಮುಗಿದ ಮೇಲೂ ಎದ್ದು ಹೋಗದವರು

ಬಿಸಿಲು ಇಳಿಯುವ ಹೊತ್ತಿಗೆ ಕೋಲ್ಕತ್ತದ ಗೋಲ್ ಪಾರ್ಕಿನಿಂದ ಸದರ್ನ್ ಅವೆನ್ಯೂ ಹಿಡಿದು ಪಶ್ಚಿಮಕ್ಕೆ ನಡೆಯಬೇಕು. ಎಡಗಡೆ ರವೀಂದ್ರ ಸರೋವರದ ಮರಗಳು, ಮರಗಳ ಸಂದಿಯಲ್ಲಿ ನೀರು, ನೀರಿನ ಮೇಲೆ ರೋಯಿಂಗ್ ಕ್ಲಬ್ಬಿನ ಉದ್ದನೆಯ ತೆಳು ದೋಣಿಗಳು. ವಿವೇಕಾನಂದ ಪಾರ್ಕಿನ ಹತ್ತಿರ ಫುಚ್ಕಾ ಗಾಡಿಗಳ ಸುತ್ತ ದೊನ್ನೆ ಹಿಡಿದು ನಿಂತ ಜನ. ಫುಚ್ಕಾ ಅಂದರೆ ನಮ್ಮ ಪಾನಿಪುರಿಯ ಬಂಗಾಳಿ ಅಕ್ಕ. ಹುಣಸೆ ನೀರಿನ ವಾಸನೆ ರಸ್ತೆ ದಾಟಿ ಬರುತ್ತದೆ.

ಕೆರೆಯ ಕಡೆಗೆ ಮುಖ ಮಾಡಿದ ಬೆಂಚುಗಳಲ್ಲಿ ನಾಲ್ವರು ಕಾಲೇಜು ಹುಡುಗರ ಗುಂಪೊಂದು ಕೂತಿರುತ್ತದೆ. ಇವತ್ತಿನ ಗುಂಪೇ ನಾಳೆಯೂ ಇರಬೇಕೆಂದಿಲ್ಲ, ಕೂರುವ ಭಂಗಿ ಮಾತ್ರ ಒಂದೇ: ಫೋನು ಅಡ್ಡ ಹಿಡಿದು, ತಲೆ ಬಗ್ಗಿಸಿ, ಭುಜಕ್ಕೆ ಭುಜ ತಾಗಿಸಿ. ನಾಲ್ಕೂ ಫೋನುಗಳಲ್ಲಿ ಬಿಜಿಎಂಐ ಆಟದ ಲಾಬಿ. ಅವರದೇ ನಾಲ್ಕು ಬೊಂಬೆಗಳು ಬಣ್ಣಬಣ್ಣದ ಉಡುಪು ತೊಟ್ಟು ಸಾಲಾಗಿ ನಿಂತಿವೆ. ಪಂದ್ಯ ಶುರುವಾಗಿಲ್ಲ. ಶುರು ಮಾಡುವ ಉಮೇದು ಯಾರಿಗೂ ಇದ್ದಂತಿಲ್ಲ.

"ಕಿಛು ಕೊರಾರ್ ನೇಯಿ" ಅನ್ನುತ್ತಾನೆ ಒಬ್ಬ. ಮಾಡೋಕೆ ಏನೂ ಇಲ್ಲ. ಇದೇ ಮಾತು ಬೆಂಗಳೂರಿನ ವಿಜಯನಗರದಲ್ಲಾಗಿದ್ದರೆ "ಬೋರ್ ಮಗಾ, ಏನೂ ಇಲ್ಲ ಮಾಡಕ್ಕೆ" ಎಂದಿರುತ್ತಿತ್ತು. ಹಾಗಂದ ಮೇಲೂ ಯಾರೂ ಫೋನು ಜೇಬಿಗಿಳಿಸುವುದಿಲ್ಲ, ಎದ್ದೂ ಹೋಗುವುದಿಲ್ಲ. ಮನೆಯಲ್ಲಿ ಇದನ್ನು ಕಂಡ ಅಪ್ಪ ಅಮ್ಮನಿಗೆ ಸಿಟ್ಟು ಬರುತ್ತದೆ: ಬೋರಾದರೆ ಬಿಟ್ಟು ಏಳಬಾರದೇ? ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಮುಗಿದದ್ದು ಯಾವುದು?

ಬಿಜಿಎಂಐಯಲ್ಲಿ ನೂರು ಜನ ವಿಮಾನದಿಂದ ದ್ವೀಪವೊಂದಕ್ಕೆ ಧುಮುಕುತ್ತಾರೆ. ಕೊನೆಯವರೆಗೆ ಉಳಿದವರು ಗೆದ್ದಂತೆ. ಒಂದು ಪಂದ್ಯಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಅದು ಮುಗಿದ ಕೂಡಲೇ ಇನ್ನೊಂದಕ್ಕೆ ಇಳಿಯಬಹುದು. ಹಾಗೆ ನೋಡಿದರೆ ಅದು ಮುಗಿಯುವ ಆಟವೇ ಅಲ್ಲ. ಮುಗಿಯುವುದು ಪಂದ್ಯದ ಸುತ್ತ ಕಟ್ಟಿದ ಏಣಿ. ರ‍್ಯಾಂಕಿನ ಮೆಟ್ಟಿಲುಗಳು, ವಾರವಾರದ ಮಿಷನ್ನುಗಳು, ರಾಯಲ್ ಪಾಸಿನ ಬಹುಮಾನಗಳು, ಹೊಸ ಉಡುಪು, ಬಂದೂಕಿಗೆ ಬಳಿಯುವ ಹೊಸ ಬಣ್ಣ. 'ಏಸ್' ಮುಟ್ಟಿದವನಿಗೆ ತುತ್ತತುದಿಯಲ್ಲಿ ಕಾಣುವುದು 'ಕಾಂಕರರ್'. ಅದು ಬೆರಳೆಣಿಕೆಯವರ ಪಾಲು. ಅದಕ್ಕೆ ಬೇಕಾದ ಗಂಟೆಗಳು ಕಾಲೇಜಿಗೆ ಹೋಗುವವನ ಹತ್ತಿರ ಇರುವುದಿಲ್ಲ. ಸೀಸನ್ ಮುಗಿಯಲು ಇನ್ನೂ ಹಲವು ವಾರ ಇರುವಾಗಲೇ ಅವನ ಏಣಿ ಮುಗಿದಿರುತ್ತದೆ.

ಇನ್ನೊಂದು ಜಾತಿಯ ಆಟಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅವು ಇಡೀ ಲೋಕವನ್ನೇ ಕಟ್ಟುವ ಆಟಗಳು. ಕಾಡು, ಊರು, ಗುಹೆ, ರಾಕ್ಷಸರು, ಕಥೆ ಎಲ್ಲ ಇರುತ್ತವೆ. ಸಾವಿರಾರು ಜನ ಒಂದೇ ಹೊತ್ತಿಗೆ ಅದರಲ್ಲಿ ತಿರುಗಾಡುತ್ತಾರೆ. 2004ರ ನವೆಂಬರ್‌ನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇಂಥವುಗಳಲ್ಲಿ ಹೆಸರಾದದ್ದು. ಅದರಲ್ಲಿ ಆಟಗಾರ 60ನೇ ಲೆವೆಲ್ಲಿಗೆ ನಿಲ್ಲುತ್ತಿದ್ದ. 2007ರ ಜನವರಿಯಲ್ಲಿ ಹೊಸ ಭೂಖಂಡದ ಜತೆ ಮಿತಿಯನ್ನು 70ಕ್ಕೆ ಏರಿಸಿದರು, 2008ರ ನವೆಂಬರ್‌ನಲ್ಲಿ 80ಕ್ಕೆ. ಎರಡರ ನಡುವೆ ಸುಮಾರು 22 ತಿಂಗಳ ಕೆಲಸ. ಬಿಡುಗಡೆಯಾದ 27 ಗಂಟೆಯಲ್ಲಿ ಫ್ರಾನ್ಸಿನ ಒಬ್ಬ ಆಟಗಾರ 70ರಿಂದ 80ಕ್ಕೆ ಹತ್ತಿ ಮುಗಿಸಿದ್ದ.

22 ತಿಂಗಳು, 27 ಗಂಟೆ: ಇಡೀ ವಿಷಯದ ತಿರುಳು ಈ ಎರಡು ಅಂಕಿಗಳಲ್ಲಿದೆ. ಅವನೊಬ್ಬನ ಓಟ ಅತಿರೇಕ ಇರಬಹುದು. ಉಳಿದವರಿಗೂ ಬೇಕಾದದ್ದು ಕೆಲವೇ ವಾರ.

ವರ್ಷದ ಅಡುಗೆ, ವಾರದ ಊಟ

ಆಟದಲ್ಲಿ ನಾವು ಓಡುತ್ತ ದಾಟಿಬಿಡುವ ಒಂದು ಮನೆಯನ್ನು ಯಾರೋ ಕೂತು ಕಟ್ಟಿರುತ್ತಾರೆ. ಗೋಡೆಯ ಪಾಚಿ, ಬಾಗಿಲ ಚಿಲಕ, ಕಿಟಕಿಯಿಂದ ಬೀಳುವ ಬೆಳಕು ಎಲ್ಲವನ್ನೂ ಬೇರೆ ಬೇರೆಯಾಗಿ ಬಿಡಿಸಬೇಕು. ಈ ದುಡಿಮೆ ನಮಗೆ ದೂರದ್ದೇನಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಫೋರ್ಜಾ ಸರಣಿಯ ಕಾರ್ ಆಟಗಳಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದ್ದಾರೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡಿತು. ಒಂದು ಕಾರಿನ ಒಳಹೊರಗನ್ನು ನಿಜದ ಕಾರಿನಂತೆ ಕಾಣಿಸಲು ನುರಿತ ಕೈಗಳಿಗೂ ವಾರಗಟ್ಟಲೆ ಬೇಕು. ಆಟಗಾರ ಅದನ್ನು ಒಂದು ಸುತ್ತು ಓಡಿಸಿ ಮುಂದಿನ ಕಾರು ಯಾವುದೆಂದು ಕೇಳುತ್ತಾನೆ. ಅವನ ತಪ್ಪೇನೂ ಇಲ್ಲ. ಮಾಡುವ ವೇಗ, ಉಣ್ಣುವ ವೇಗ ಎರಡೂ ಎಂದೂ ಒಂದಾಗವು.

ದುಡ್ಡು ಸುರಿದರೂ ಈ ಅಂತರ ತುಂಬುವುದಿಲ್ಲ ಎನ್ನುವುದಕ್ಕೆ 2011ರ ಡಿಸೆಂಬರ್‌ನಲ್ಲಿ ಬಂದ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ಸಾಕ್ಷಿ. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಲು ಸಂಭಾಷಣೆಯನ್ನು ನಟರಿಂದಲೇ ಹೇಳಿಸಿದ್ದರು. ಜನ ಮುಗಿಬಿದ್ದರು, ಆಡಿದರು, ಮುಗಿಸಿದರು. ತಿಂಗಳ ಚಂದಾದಾರರ ಸಂಖ್ಯೆ 17 ಲಕ್ಷದಿಂದ ಕೆಲವೇ ತಿಂಗಳಲ್ಲಿ 13 ಲಕ್ಷಕ್ಕೆ ಇಳಿಯಿತು. ವರ್ಷ ತುಂಬುವ ಮೊದಲೇ ಅದನ್ನು ಪುಕ್ಕಟೆ ಆಡಲು ಬಿಡಬೇಕಾಯಿತು.

ಕೈಯಿಂದ ಮಾಡಿ ಬಡಿಸುವ ಬದಲು ಲೋಕ ತಾನೇ ಬೆಳೆಯಲಿ ಎಂದು ಯೋಚಿಸಿದವರೂ ಇದ್ದರು. 1997ರ ಅಲ್ಟಿಮಾ ಆನ್‌ಲೈನ್ ಆಟದ ವಿನ್ಯಾಸಕಾರರು ನಿಜವಾದ ಕಾಡೊಂದನ್ನು ಬೆಳೆಸಲು ಹೊರಟರು. ಹುಲ್ಲು ತಿನ್ನುವ ಪ್ರಾಣಿ, ಅದನ್ನು ತಿನ್ನುವ ತೋಳ, ಆಹಾರ ಸಿಗದಿದ್ದರೆ ಊರಿನ ಕಡೆ ಬರುವ ಕ್ರೂರಪ್ರಾಣಿ. ಕಾಗದದ ಮೇಲೆ ಎಷ್ಟು ಸೊಗಸು! ಬಾಗಿಲು ತೆರೆದದ್ದೇ ತಡ, ಆಟಗಾರರು ನುಗ್ಗಿ ಕಂಡಕಂಡ ಪ್ರಾಣಿಗಳನ್ನೆಲ್ಲ ಕೊಂದರು. ಮರಿ ಹುಟ್ಟುವುದಕ್ಕಿಂತ ಬೇಗ ಬೇಟೆ ನಡೆಯಿತು. ಕಾಡು ಖಾಲಿಯಾಯಿತು; ಆ ಯೋಜನೆಯನ್ನೇ ಕೈಬಿಟ್ಟರು.

ಇಸ್ಪೀಟಿನ ನಾಲ್ಕು ಬಣ್ಣ

ಒಂದೇ ಆಟವನ್ನು ಎಲ್ಲರೂ ಒಂದೇ ಕಾರಣಕ್ಕೆ ಆಡುವುದಿಲ್ಲ. ಇದನ್ನು ಮೊದಲು ಬಿಡಿಸಿ ಹೇಳಿದವರು ಇಂಗ್ಲೆಂಡಿನ ರಿಚರ್ಡ್ ಬಾರ್ಟ್ಲ್. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ 'ಮಡ್' ಎಂಬ ಆಟ ಬರೆಯಲು ಶುರು ಮಾಡಿದರು. ಬಾರ್ಟ್ಲ್ ಜತೆಗೂಡಿ ಅದನ್ನು ಮುಂದಕ್ಕೆ ಒಯ್ದರು. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಬರೀ ಅಕ್ಷರ. ಹಲವರು ಒಟ್ಟಿಗೆ ಆಡುವ ಇವತ್ತಿನ ಲೋಕಗಳಿಗೆಲ್ಲ ಅದೇ ಮುತ್ತಜ್ಜಿ.

1996ರ ಪ್ರಬಂಧದಲ್ಲಿ ಬಾರ್ಟ್ಲ್ ಆಟಗಾರರನ್ನು ಇಸ್ಪೀಟಿನ ಬಣ್ಣಗಳಂತೆ ನಾಲ್ಕು ಪಾಲು ಮಾಡಿದರು. ಡೈಮನ್ ಅಂದರೆ ಗಳಿಸುವವರು. ಲೆವೆಲ್, ಪದಕ, ಸಂಪತ್ತು ಇವರಿಗೆ ಬೇಕು. ಇಸ್ಪೇಟ್ ಅಂದರೆ ಅಗೆಯುವವರು, ಆ ಗುಹೆಯಲ್ಲಿ ಏನಿದೆ, ಈ ಗೋಡೆಯ ಹಿಂದೆ ಏನಿದೆ ಎಂದು ಹುಡುಕುವವರು. ಕಳಾವರ್ ಗುಂಪಿನವರಿಗೆ ಇನ್ನೊಬ್ಬರನ್ನು ಬಡಿಯುವುದರಲ್ಲೇ ಖುಷಿ. ಆಟಿನ್ ಗುಂಪಿನವರು ಬಂದಿರುವುದು ಜನಕ್ಕಾಗಿ, ಮಾತಿಗಾಗಿ.

ಈಗ ಬೆಂಚಿನ ಮೇಲಿನ ನಾಲ್ವರ ಕಡೆ ಇನ್ನೊಮ್ಮೆ ನೋಡಿದರೆ 'ಮಾಡೋಕೆ ಏನೂ ಇಲ್ಲ' ಎಂಬ ಒಂದೇ ಮಾತಿನಲ್ಲಿ ನಾಲ್ಕು ಮಾತು ಕೇಳಿಸುತ್ತವೆ. ಡೈಮನ್ ಹುಡುಗನ ಪಾಲಿಗೆ ಏಣಿ ಮುಗಿದಿದೆ. ಇಸ್ಪೇಟ್ ಹುಡುಗನಿಗೆ ಬಿಜಿಎಂಐಯ ಎರಂಗೆಲ್ ದ್ವೀಪದ ಮೂಲೆಮೂಲೆಯೂ ಸ್ವಂತ ಬೀದಿಯಷ್ಟೇ ಪರಿಚಿತ. ಅವನೇ ನಾಲ್ವರಲ್ಲಿ ಮೊದಲು ಬೇಸತ್ತವನು. ಕಳಾವರ್ ಹುಡುಗನಿಗೆ ಎದುರಾಳಿ ಇರುವವರೆಗೆ ಬೇಸರವಿಲ್ಲ, ಸರಿಸಮಾನ ಎದುರಾಳಿ ಸಿಗುವುದು ನಿಂತಾಗ ಇವನೂ ಅದೇ ಮಾತು ಆಡುತ್ತಾನೆ. ನಾಲ್ಕನೆಯವನು ಸುಮ್ಮನೆ ಕೂತಿದ್ದಾನಲ್ಲ, ಅವನಿಗೆ ಮುಗಿದದ್ದು ಏನೂ ಇಲ್ಲ. ಉಳಿದ ಮೂವರು ಅಲ್ಲಿರುವುದೇ ಅವನಿಗೆ ಆಟ. ಅವರು ಏಳುವವರೆಗೆ ಅವನೂ ಏಳುವುದಿಲ್ಲ. ಅವನು ಕೂತಿರುವುದರಿಂದಲೇ ಅವರೂ ಎದ್ದಿಲ್ಲ ಎಂದು ನನ್ನ ಅನುಮಾನ.

ಮೊಟ್ಟಮೊದಲ 'ಮಡ್' ಆಟದಲ್ಲಿ ತುದಿ ಮುಟ್ಟಿದವರಿಗೆ ಏನಿತ್ತು ಎಂದು ಕೇಳಬಹುದು. ಸಾಕಷ್ಟು ಅಂಕ ಗಳಿಸಿದವರು ಮಾಂತ್ರಿಕರಾಗುತ್ತಿದ್ದರು. ಆಮೇಲೆ ಅವರಿಗೆ ಗಳಿಸುವುದೇನೂ ಇರಲಿಲ್ಲ. ಆಟವನ್ನು ನಡೆಸಿಕೊಡುವ ಅಧಿಕಾರ ಸಿಗುತ್ತಿತ್ತು. ಆಡಿ ಮುಗಿಸಿದವರು ಆಡಿಸುವವರಾಗುತ್ತಿದ್ದರು. ಇಷ್ಟು ಚೆಂದದ ಉಪಾಯವನ್ನು ಆಮೇಲಿನ ಕಂಪನಿಗಳು ಹೆಚ್ಚಾಗಿ ಮರೆತವು.

ಸಾರಿಗೆ ನೀರು

ಬಡಿಸಲು ಸಾಲದಾದಾಗ ಸಾರಿಗೆ ನೀರು ಬೆರೆಸುವುದುಂಟು. ಆಟಗಳಲ್ಲೂ ಅದೇ. ಹತ್ತು ತೋಳ ಕೊಂದು ಬಾ ಎನ್ನುವ ಕಡೆ ನೂರು ತೋಳ ಎನ್ನುವುದು. ಬೇಕಾದ ಕತ್ತಿ ಸಾವಿರಕ್ಕೊಮ್ಮೆ ಮಾತ್ರ ಸಿಗುವಂತೆ ಮಾಡುವುದು. ಹುಡುಗರು ಇದಕ್ಕೆ 'ಗ್ರೈಂಡ್' ಅನ್ನುತ್ತಾರೆ. ರುಬ್ಬುವುದು. ಹಿಟ್ಟು ಯಾವಾಗಲೋ ನುಣ್ಣಗಾಗಿದೆ, ಕೈ ಮಾತ್ರ ತಿರುಗುತ್ತಲೇ ಇರಬೇಕು.

ಇನ್ನೊಂದು ದಾರಿ ಗಡಿಯಾರ. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ ಫಾರ್ಮ್‌ವಿಲ್ ನೆನಪಿದೆಯೇ? ಆಫೀಸಿನ ಕಂಪ್ಯೂಟರಿನಲ್ಲೇ ಹೊಲ ಉತ್ತವರು ನಮ್ಮಲ್ಲೂ ಬಹಳ ಮಂದಿ. ಸ್ಟ್ರಾಬೆರಿ ನೆಟ್ಟರೆ ನಾಲ್ಕು ಗಂಟೆಗೆ ಫಸಲು. ತಡವಾದರೆ ಒಣಗುತ್ತಿತ್ತು. ಮಾಡಲು ಇದ್ದದ್ದು ಎರಡು ನಿಮಿಷದ ಕೆಲಸ, ಆದರೆ ದಿನಕ್ಕೆ ಆರು ಸಲ ಹಾಜರಿ ಹಾಕಬೇಕಿತ್ತು. 2020ರ ಕೊನೆಯ ದಿನ ಆ ಹೊಲ ಮುಚ್ಚಿತು, ಉಪಾಯ ಉಳಿಯಿತು. ದಿನದ ಬಹುಮಾನ, ವಾರದ ಮಿಷನ್, ತಪ್ಪಿಸಿಕೊಂಡರೆ ಮತ್ತೆ ಸಿಗದ ಉಡುಪು ಎಲ್ಲ ಅದರ ಮೊಮ್ಮಕ್ಕಳು.

ಮೂರನೆಯದು ದುಡ್ಡು. ಮುಚ್ಚಿದ ಪೆಟ್ಟಿಗೆ ಕೊಂಡು ಅದೃಷ್ಟ ನೋಡುವ ವ್ಯವಹಾರ ಜೂಜಿನ ಕಾನೂನಿಗೆ ಬರುತ್ತದೆಂದು ಬೆಲ್ಜಿಯಂ 2018ರಲ್ಲೇ ಹೇಳಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಆದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಹುಡುಗರ ಸಮಯವನ್ನು ಹಾಜರಿ ಪುಸ್ತಕದಲ್ಲಿ ಕಟ್ಟಿಹಾಕುವ ಆಟಗಳ ವಿಷಯ ಬೇರೆ. ನನಗೆ ಕಳವಳ ಇರುವುದು ಇಲ್ಲಿ. ಖುಷಿಗಾಗಿ ಶುರುವಾದದ್ದು ಕರ್ತವ್ಯವಾಗಿ ಮುಂದುವರಿದರೆ ಬಿಡುವುದು ಕಷ್ಟ, ಆಡುವುದೂ ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಜಾಗ ಸಿಕ್ಕಿತು. ಹಿಡಿತ ತಪ್ಪುವುದು, ಉಳಿದ ಬದುಕಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣೆದುರಿದ್ದರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ಇಂಥ ತೊಂದರೆಗಳಿಗೆಂದೇ 'ಶಟ್' ಕ್ಲಿನಿಕ್ ತೆರೆಯಿತು. ಬೋರಾದರೂ ಆಡುವವರೆಲ್ಲ ರೋಗಿಗಳಲ್ಲ. ಮನೆಯವರು ಮಾತ್ರ ಈ ಲಕ್ಷಣಗಳ ಮೇಲೊಂದು ಕಣ್ಣಿಟ್ಟಿರಬೇಕು.

ಖುಟಿ ಪೂಜೆಯಿಂದ ದಶಮಿಗೆ

ಸದರ್ನ್ ಅವೆನ್ಯೂದ ಪಶ್ಚಿಮದ ತುದಿಗೆ ಹೋದರೆ ಮುದಿಯಾಲಿ ಕ್ಲಬ್ಬು, ಶಿವಮಂದಿರ ಮುಂತಾದ ಹೆಸರಾಂತ ದುರ್ಗಾಪೂಜೆಗಳ ಬೀದಿಗಳು ಸಿಗುತ್ತವೆ. ತಿಂಗಳುಗಳ ಮೊದಲೇ ಒಂದು ಕಂಬಕ್ಕೆ ಪೂಜೆ ಮಾಡಿ ಕೆಲಸ ಶುರು. ಅದಕ್ಕೆ ಖುಟಿ ಪೂಜೆ ಎನ್ನುತ್ತಾರೆ. ಬಿದಿರು, ಬಟ್ಟೆ, ಮಣ್ಣು, ದೀಪಗಳಲ್ಲಿ ಪ್ರತಿ ವರ್ಷ ಹೊಸದೊಂದು 'ಥೀಮ್' ಮೇಲೇಳುತ್ತದೆ. ಐದು ದಿನ ಊರಿಗೆ ಊರೇ ರಾತ್ರಿಯಿಡೀ ಬೀದಿಯಲ್ಲಿ. 2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ ಕೋಲ್ಕತ್ತದ ದುರ್ಗಾಪೂಜೆ ಇದೇ.

ದಶಮಿಗೆ ವಿಸರ್ಜನೆ. ಅಷ್ಟು ದುಡಿದು ಕಟ್ಟಿದ್ದನ್ನು ಬಿಚ್ಚಿ ಗಾಡಿಗೆ ಹೇರುತ್ತಾರೆ. "ಆಶ್ಛೇ ಬೊಛೊರ್ ಆಬಾರ್ ಹೋಬೆ" ಎಂದು ಕೂಗುತ್ತಾರೆ: ಬರುವ ವರ್ಷ ಮತ್ತೆ ಆಗುತ್ತದೆ. ಮರುದಿನ ಬೀದಿ ಬಿಕೋ ಅನ್ನುತ್ತದೆ. ಆ ಬಿಕೋ ಕೂಡ ಹಬ್ಬದ ಪಾಲು. ಅದನ್ನು ತುಂಬಲು ಯಾರೂ ಏಕಾದಶಿಯ ಬೆಳಿಗ್ಗೆಯೇ ಹೊಸ ಪೆಂಡಾಲು ಎಬ್ಬಿಸುವುದಿಲ್ಲ.

ಆಟದ ಕಂಪನಿಗಳು ಸೀಸನ್ ಎಂಬ ಈ ಕ್ರಮವನ್ನು ಹಿಡಿದವು, ದಶಮಿಯನ್ನು ಮಾತ್ರ ಬಿಟ್ಟವು. ಒಂದು ಸೀಸನ್ ಮುಗಿಯುತ್ತಿದ್ದಂತೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. 2019ರ ಅಕ್ಟೋಬರ್ 13ರಂದು ಫೋರ್ಟ್‌ನೈಟ್ ತನ್ನ ದ್ವೀಪವನ್ನೇ ಕಪ್ಪು ಕುಳಿಯೊಂದಕ್ಕೆ ನುಂಗಿಸಿ ಸುಮಾರು ಎರಡು ದಿನ ಆಟವನ್ನೇ ಆರಿಸಿಬಿಟ್ಟಿತು. ಲಕ್ಷಾಂತರ ಜನ ಆ ಕಪ್ಪನ್ನೇ ನೋಡುತ್ತ ಕೂತರು! ಅಂಥದ್ದು ಅಪರೂಪ. ಜಪಾನಿನ 'ಫೈನಲ್ ಫ್ಯಾಂಟಸಿ 14' ಆಟವನ್ನು ನಡೆಸುವ ನಾವೊಕಿ ಯೊಶಿದಾ, ಮಾಡಲು ಮುಗಿದಾಗ ಬಿಟ್ಟು ಬೇರೆ ಆಟ ಆಡಿ, ಹೊಸದು ಬಂದಾಗ ಮರಳಿ ಬನ್ನಿ ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ಚಂದಾ ಹಣದ ಮೇಲೆ ನಿಂತ ಆಟದವರಿಂದ ಅಂಥ ಮಾತು ಬರುವುದು ದೊಡ್ಡದು.

ಫ್ಲೈಓವರ್ ಕೆಳಗೆ

ಗೋಲ್ ಪಾರ್ಕಿನಿಂದ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಗರಿಯಾಹಾಟ್. ಅಲ್ಲಿನ ಫ್ಲೈಓವರ್ ಕೆಳಗೆ, ಬಸ್ಸು ಟ್ಯಾಕ್ಸಿಗಳ ಗದ್ದಲದ ನಡುವೆ, ಚದುರಂಗ ನಡೆಯುತ್ತದೆ. ಆಡುವವರಿಬ್ಬರು, ಸುತ್ತ ನಿಂತು ನೋಡುವವರು ಹತ್ತು ಜನ. ಅರವತ್ತನಾಲ್ಕು ಮನೆ, ಮೂವತ್ತೆರಡು ಕಾಯಿ. ನೂರಾರು ವರ್ಷದಿಂದ ಒಂದು ಹೊಸ ಕಾಯಿಯೂ ಸೇರಿಲ್ಲ. ಅಲ್ಲಿ ಮಾಡೋಕೆ ಏನೂ ಇಲ್ಲ ಎಂದು ಎದ್ದವರನ್ನು ನಾನು ಕಂಡಿಲ್ಲ.

ಲೆಕ್ಕ ಹೇಳುವುದಾದರೆ, ಬಿಳಿ ಒಂದು, ಕರಿ ಒಂದು ನಡೆ ಇಡುವಷ್ಟರಲ್ಲಿ 400 ಬಗೆಯ ಆಟಗಳು. ಇಬ್ಬರೂ ಎರಡೆರಡು ನಡೆ ಮುಗಿಸುವಾಗ 1,97,281. ಆದರೆ ಜನರನ್ನು ಅಲ್ಲಿ ನಿಲ್ಲಿಸುವುದು ಈ ಲೆಕ್ಕವೊಂದೇ ಅಲ್ಲ. ಎದುರಿಗೆ ಕೂತವನು ನಿನ್ನೆ ಸೋತವನು, ಇವತ್ತು ಏನೋ ಓದಿಕೊಂಡು ಬಂದಿದ್ದಾನೆ. ಅವನೇ ಇವತ್ತಿನ ಹೊಸ ಅಧ್ಯಾಯ. ಅದನ್ನು ಯಾವ ಕಂಪನಿಯೂ ತಯಾರಿಸಬೇಕಿಲ್ಲ.

ಕನ್ನಡದವರಿಗೆ ಇದನ್ನು ತಾಳಮದ್ದಳೆಯ ಉದಾಹರಣೆಯಲ್ಲಿ ಹೇಳಿದರೆ ಇನ್ನೂ ಬೇಗ ಮುಟ್ಟುತ್ತದೆ. ಕೃಷ್ಣ ಸಂಧಾನ ಮುರಿಯುತ್ತದೆಂದು ಕೂತ ಪ್ರತಿಯೊಬ್ಬರಿಗೂ ಗೊತ್ತು. ಕಥೆಯಲ್ಲಿ ಹೊಸದೇನೂ ಇಲ್ಲ, ವೇಷವಿಲ್ಲ, ಕುಣಿತವಿಲ್ಲ. ಆದರೂ ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಲು ಕೂತರೆ ಜನ ಹೊತ್ತಿನ ಪರಿವೆಯಿಲ್ಲದೆ ಕೇಳುತ್ತಿದ್ದರು. ಎದುರಿನ ಅರ್ಥಧಾರಿ ಏನು ಎಸೆಯುತ್ತಾನೆ, ಇವರು ಹೇಗೆ ಹಿಡಿಯುತ್ತಾರೆ ಎನ್ನುವುದು ಆ ರಾತ್ರಿಯಷ್ಟೇ ಹುಟ್ಟುವ ಸಂಗತಿ.

ಆನ್‌ಲೈನ್ ಆಟಗಳಲ್ಲೂ ಇಂಥವು ಬಾಳಿ ಉಳಿದಿವೆ. ಐಸ್‌ಲ್ಯಾಂಡಿನ ಕಂಪನಿ 2003ರಲ್ಲಿ ತಂದ 'ಈವ್ ಆನ್‌ಲೈನ್' ಬಾಹ್ಯಾಕಾಶದಲ್ಲಿ ನಡೆಯುತ್ತದೆ. 2014ರ ಜನವರಿಯಲ್ಲಿ ಅಲ್ಲೊಂದು ಭಾರಿ ಕಾಳಗವಾಯಿತು. 21 ಗಂಟೆ, 7,500ಕ್ಕೂ ಹೆಚ್ಚು ಆಟಗಾರರು, ನಾಶವಾದ ಹಡಗುಗಳ ಬೆಲೆ ನಿಜದ ದುಡ್ಡಿನಲ್ಲಿ ಅಂದಾಜು ಮೂರು ಲಕ್ಷ ಡಾಲರ್. ಕಾರಣ ಏನೆಂದರೆ ಒಂದು ಪಂಗಡ ತನ್ನ ನೆಲೆಯ ಮೇಲಿನ ಹಿಡಿತಕ್ಕಾಗಿ ಕಟ್ಟಬೇಕಿದ್ದ ಹಣ ಕಟ್ಟದೆ ಹೋದದ್ದು. ಕಥೆ ಬರೆಯುವವರಿಗೆ ಇಂಥ ಕಾರಣ ಹೊಳೆಯುತ್ತಿತ್ತೇ?

1999ರ ಎವರ್‌ಕ್ವೆಸ್ಟ್ ಆಟದ ಕಥೆ ನನಗೆ ಇನ್ನೂ ಇಷ್ಟ. ಅದರಲ್ಲಿ ಕೊಲ್ಲಲು ಆಗಲೇಬಾರದು ಎಂದು ಮಾಡಿದ ಡ್ರ್ಯಾಗನ್ ಒಂದಿತ್ತು. ಉಳಿದದ್ದನ್ನೆಲ್ಲ ಮುಗಿಸಿದವರ ಕಣ್ಣು ಅದರ ಮೇಲೆ ಬಿತ್ತು. 2003ರ ನವೆಂಬರ್‌ನಲ್ಲಿ ಒಬ್ಬರಿಗೊಬ್ಬರು ಶತ್ರುಗಳಾಗಿದ್ದ ಮೂರು ಪಂಗಡಗಳ ಸುಮಾರು ಇನ್ನೂರು ಜನ ಒಟ್ಟಾಗಿ ಗಂಟೆಗಟ್ಟಲೆ ಹೊಡೆದಾಡಿದರು. ಅದರ ಜೀವ ಕಾಲುಭಾಗಕ್ಕೆ ಇಳಿದಾಗ ಕಂಪನಿಯವರೇ ಅದನ್ನು ಮಾಯ ಮಾಡಿದರು. ಆಟಗಾರರು ಕೆರಳಿದರು. ಕಂಪನಿ ಮತ್ತೆ ಅವಕಾಶ ಕೊಟ್ಟಿತು, ಅವರು ಮತ್ತೆ ಸೇರಿದರು, ಕೊಂದೂಬಿಟ್ಟರು. ಅದರ ಹೆಣದಲ್ಲಿ ಬಹುಮಾನ ಏನೂ ಇರಲಿಲ್ಲ.

ಕೊನೆಯ ರಾತ್ರಿ

ಮಾಡಲು ಏನೂ ಇಲ್ಲದಂತೆ ಆಟವನ್ನೇ ಕಿತ್ತುಕೊಂಡದ್ದೂ ಉಂಟು. 2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಅಕ್ಟೋಬರ್ 30ಕ್ಕೆ ಸರ್ವರ್‌ಗಳೂ ನಿಂತವು. ಕೊರೊನಾ ಕಾಲ, ಕಾಲೇಜು ಮುಚ್ಚಿದ ದಿನಗಳು. ಗೆಳೆಯರು ದಿನವೂ ಸೇರುತ್ತಿದ್ದ ಒಂದೇ ಜಗಲಿ ಅದಾಗಿತ್ತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು, 2022ರ ಜುಲೈಯಲ್ಲಿ ಆಪ್ ಅಂಗಡಿಗಳಿಂದ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ದ್ವೀಪ ಅದೇ, ಬಂದೂಕು ಅವೇ. ಆದರೂ ಹುಡುಗರು ಮರಳಿ ಬಂದರು.

2012ರ ನವೆಂಬರ್ 30ರಂದು 'ಸಿಟಿ ಆಫ್ ಹೀರೋಸ್' ಎಂಬ ಎಂಟು ವರ್ಷದ ಆಟವನ್ನು ಮುಚ್ಚಿದರು. ಗಳಿಸಿದ್ದೆಲ್ಲ ಮಣ್ಣಾಗುವ ರಾತ್ರಿ ಲೆವೆಲ್ ಏರಿಸಿ ಏನು ಮಾಡುವುದು? ಆಟಗಾರರು ಆಟದೊಳಗಿನ ಅಟ್ಲಾಸ್ ಪಾರ್ಕ್ ಎಂಬ ಚೌಕಕ್ಕೆ ಬಂದು, ಸರ್ವರ್ ಆರುವವರೆಗೆ ಜತೆಯಾಗಿ ನಿಂತರು. ಅಭಿಮಾನಿಗಳು ಆ ಊರನ್ನು ಸ್ವಂತ ಸರ್ವರ್‌ಗಳಲ್ಲಿ ಉಳಿಸಿಕೊಂಡಿದ್ದು 2019ರಲ್ಲಿ ಹೊರಬಿತ್ತು. 2024ರ ಜನವರಿಯಲ್ಲಿ ಮೂಲ ಕಂಪನಿಯೇ ಅವರ ತಂಡವೊಂದಕ್ಕೆ ಪರವಾನಗಿ ಕೊಟ್ಟಿತು. ಅಟ್ಲಾಸ್ ಪಾರ್ಕಿನಲ್ಲಿ ಮತ್ತೆ ಜನ ಸೇರುತ್ತಿದ್ದಾರೆ.

ಸರೋವರದ ಮೇಲೆ ಕತ್ತಲೆ ಇಳಿದಾಗ ಬೆಂಚಿನ ಹುಡುಗರ ಮುಖ ಪರದೆಯ ಬೆಳಕಲ್ಲಷ್ಟೇ ಕಾಣುತ್ತದೆ. ಒಬ್ಬ ಇಂಟರ್ವ್ಯೂ ಒಂದರ ವಿಷಯ ಹೇಳುತ್ತಿದ್ದಾನೆ, ಇನ್ನೊಬ್ಬ ನಡುವೆ ಬಾಯಿ ಹಾಕಿ ನಗಿಸುತ್ತಿದ್ದಾನೆ. ನಾಲ್ಕು ಬೊಂಬೆಗಳು ಲಾಬಿಯಲ್ಲಿ ನಿಂತೇ ಇವೆ. ಸ್ಟಾರ್ಟ್ ಬಟನ್ ಒತ್ತಬೇಕಾದವನು ಕೇಳಿಸಿಕೊಳ್ಳುತ್ತಿದ್ದಾನೆ.